ಮರ್ರೇ ನದಿಯ ಎರಡು ದಡ, ಒಂದೇ ಪಂದ್ಯಾಟ: 130 ವರ್ಷ ದಾಟಿದ ಒಂದು ಊರ ಲೀಗ್

ದುಬೈ ಇರಲಿ, ದೋಹಾ ಇರಲಿ, ಮಸ್ಕತ್ ಇರಲಿ, ನಮ್ಮವರ ಪಂದ್ಯಾಟದ ಕತೆ ಹೆಚ್ಚು ಕಡಿಮೆ ಒಂದೇ. ಮೊದಲ ವರ್ಷ ತಂಡಗಳ ಸಾಲು, ಆಳೆತ್ತರದ ಟ್ರೋಫಿ, ಫ್ಲೆಕ್ಸ್ ತುಂಬ ಪ್ರಾಯೋಜಕರ ಹೆಸರು. ಎರಡನೇ ವರ್ಷ ಗೆಲ್ಲಲೇಬೇಕು ಅಂತ ಹೊರಗಿನಿಂದ ಕರೆಸಿದ ಆಟಗಾರರು. ಮೂರನೇ ವರ್ಷ ಪ್ರಾಯೋಜಕರು ಫೋನ್ ಎತ್ತುವುದಿಲ್ಲ. ಅಷ್ಟೂ ಹೊತ್ತು ಹೆಂಗಸರು, ಮಕ್ಕಳು ಎಸಿ ಹಾಕಿದ ಕಾರಿನಲ್ಲಿ ಕುಳಿತು ಆಟ ಯಾವಾಗ ಮುಗಿಯುತ್ತದೋ ಅಂತ ಕಾಯುತ್ತಾರೆ. ಅವರಿಗಾಗಿ ಥ್ರೋಬಾಲ್ ಇಟ್ಟರೂ ಅದು ಮೂಲೆಯ ಒಂದು ಕೋರ್ಟ್‌ನಲ್ಲಿ, ಗಂಡಸರ ಸೆಮಿಫೈನಲ್ ಶುರುವಾಗುವ ಮುಂಚೆ ಮುಗಿಸಿಬಿಡುವ ಆಟ.

ಹಾಗಿದ್ದರೆ 1893ರಲ್ಲಿ ಶುರುವಾದ ಒಂದು ಹಳ್ಳಿಗಾಡಿನ ಲೀಗ್ ಇವತ್ತಿಗೂ ಹೇಗೆ ನಡೆಯುತ್ತಿದೆ? ಆಸ್ಟ್ರೇಲಿಯಾದ ಓವನ್ಸ್-ಮರ್ರೇ ಫುಟ್ಬಾಲ್ ನೆಟ್‌ಬಾಲ್ ಲೀಗ್ ಅಂಥದ್ದು. ಇದರ ಕತೆ ಇಲ್ಲಿನ ಓದುಗರಿಗೆ ಬೇಕಾಗುವುದಕ್ಕೆ ಇನ್ನೊಂದು ಕಾರಣವೂ ಇದೆ. ಕೊಲ್ಲಿಯಿಂದ ಆಸ್ಟ್ರೇಲಿಯಾಕ್ಕೆ ಹೊರಟವರಲ್ಲಿ ಹಲವರ ಕೈಯಲ್ಲಿರುವುದು 491 ವೀಸಾ. ಅದರ ಷರತ್ತಿನ ಪ್ರಕಾರ ಸಿಡ್ನಿ, ಮೆಲ್ಬರ್ನ್‌ನಂಥ ಮಹಾನಗರ ಬಿಟ್ಟು ಹೊರಗಿನ ಊರುಗಳಲ್ಲೇ ವಾಸ ಮಾಡಬೇಕು. ಅಂಥ ಊರಿಗೆ ಹೋಗಿ ಇಳಿದವರಿಗೆ ಚಳಿಗಾಲದ ಮೊದಲ ಶನಿವಾರವೇ ಒಂದು ಆಶ್ಚರ್ಯ ಕಾದಿರುತ್ತದೆ: ಪೇಟೆಯ ಅರ್ಧ ಜನ ಮೈದಾನದಲ್ಲಿ!

ಮೊದಲು ಜಾಗದ ಪರಿಚಯ. ಮೆಲ್ಬರ್ನ್‌ನಿಂದ ಈಶಾನ್ಯಕ್ಕೆ ಸುಮಾರು 300 ಕಿ.ಮೀ. ಹೋದರೆ ಮರ್ರೇ ನದಿ ಸಿಗುತ್ತದೆ. ಈಚೆ ದಡ ವಿಕ್ಟೋರಿಯಾ ರಾಜ್ಯ, ಆಚೆ ದಡ ನ್ಯೂ ಸೌತ್ ವೇಲ್ಸ್. ಈಚೆ ವೊಡೊಂಗಾ, ಆಚೆ ಆಲ್ಬರಿ, ಎರಡೂ ಸೇರಿ ಒಂದೇ ಪೇಟೆಯ ಹಾಗೆ. ಓವನ್ಸ್ ಎಂಬುದು ಮರ್ರೇಗೆ ಬಂದು ಸೇರುವ ಚಿಕ್ಕ ನದಿ, ಅದರ ದಂಡೆಯಲ್ಲಿ ವಾಂಗರಟ್ಟಾ ಇದೆ. ಈ ಎರಡು ನದಿಗಳ ಹೆಸರೇ ಲೀಗ್‌ನ ಹೆಸರು.

ಆಟದ ಬಗ್ಗೆಯೂ ಒಂದೆರಡು ಮಾತು ಬೇಕು, ಇಲ್ಲದಿದ್ದರೆ ಕೊಲ್ಲಿಯವರಿಗೆ ಫುಟ್ಬಾಲ್ ಅಂದ ಕೂಡಲೇ ಗುಂಡು ಚೆಂಡೇ ಕಣ್ಣಿಗೆ ಬರ್ತದೆ. ಇದು ಆಸ್ಟ್ರೇಲಿಯನ್ ಫುಟ್ಬಾಲ್. ಮೆಲ್ಬರ್ನ್‌ನಲ್ಲಿ 1859ರಲ್ಲಿ ನಿಯಮ ಬರೆದಿಟ್ಟ ಆಟ. ಮೊಟ್ಟೆಯಾಕಾರದ ಚೆಂಡು, ಕ್ರಿಕೆಟ್‌ನ ಓವಲ್ ಮೈದಾನ, ಒಂದು ಕಡೆಗೆ 18 ಜನ. ಎರಡೂ ತುದಿಗಳಲ್ಲಿ ನಾಲ್ಕು ನಾಲ್ಕು ಕಂಬ. ನಡುವಿನ ಎರಡರ ಮಧ್ಯೆ ಒದ್ದರೆ ಗೋಲ್, 6 ಅಂಕ. ಪಕ್ಕದ ಕಂಬದ ಸಂದಿಯಲ್ಲಿ ಹೋದರೆ ‘ಬಿಹೈಂಡ್’, 1 ಅಂಕ. ಸ್ಕೋರ್ ಬರೆಯುವ ಕ್ರಮ ಲೆಕ್ಕದವರಿಗೆ ಇಷ್ಟವಾಗುವಂಥದ್ದು: 12.8 ಅಂತ ಇದ್ದರೆ 12 ಗೋಲ್, 8 ಬಿಹೈಂಡ್, ಒಟ್ಟು 80.

ನೆಟ್‌ಬಾಲ್ ಇನ್ನೂ ಸುಲಭ. ಬಾಸ್ಕೆಟ್‌ಬಾಲ್‌ನಿಂದ ಕವಲೊಡೆದು ಇಂಗ್ಲೆಂಡಿನಲ್ಲಿ ಹೆಣ್ಣುಮಕ್ಕಳಿಗಾಗಿ ಬೆಳೆದ ಆಟ. ತಂಡಕ್ಕೆ ಏಳು ಜನ. ಚೆಂಡು ಪುಟಿಸಿಕೊಂಡು ಓಡುವ ಹಾಗಿಲ್ಲ, ಕೈಗೆ ಬಂದ ಚೆಂಡನ್ನು ಮೂರು ಸೆಕೆಂಡ್‌ನೊಳಗೆ ದಾಟಿಸಬೇಕು. ಯಾರು ಕೋರ್ಟ್‌ನ ಯಾವ ಭಾಗದಲ್ಲಿ ಆಡಬಹುದು ಅಂತ ಅಂಗಿಯ ಮೇಲಿನ ಅಕ್ಷರವೇ ಹೇಳ್ತದೆ. ರಿಂಗ್‌ಗೆ ಚೆಂಡು ಹಾಕುವ ಅಧಿಕಾರ ಏಳರಲ್ಲಿ ಇಬ್ಬರಿಗೆ ಮಾತ್ರ. ಆಸ್ಟ್ರೇಲಿಯಾದಲ್ಲಿ ಇದನ್ನು 1970ರವರೆಗೂ ‘ಮಹಿಳೆಯರ ಬಾಸ್ಕೆಟ್‌ಬಾಲ್’ ಎಂದೇ ಕರೆಯುತ್ತಿದ್ದರು. 1963ರಲ್ಲಿ ಮೊದಲ ವಿಶ್ವ ಪಂದ್ಯಾಟ ನಡೆದಾಗ ಗೆದ್ದದ್ದೂ ಆಸ್ಟ್ರೇಲಿಯಾವೇ.

ಇನ್ನು ಇತಿಹಾಸ. ಈ ಸೀಮೆಗೆ ಜನ ಬಂದದ್ದು ಚಿನ್ನಕ್ಕಾಗಿ. 1852ರಲ್ಲಿ ಬೀಚ್‌ವರ್ತ್ ಸುತ್ತ ಚಿನ್ನ ಸಿಕ್ಕಿತು, ಆಮೇಲೆ ರುದರ್‌ಗ್ಲೆನ್, ಚಿಲ್ಟರ್ನ್ ಕಡೆಗೂ ಗಣಿ ಬಂತು. ಊರಿಂದ ದೂರ ದುಡಿಯಲು ಬಂದ ಗಂಡಸರು, ವಾರಕ್ಕೊಂದು ರಜೆ, ಮಾಡಲು ಬೇರೆ ಕೆಲಸ ಇಲ್ಲ. ಲೇಬರ್ ಕ್ಯಾಂಪ್‌ನಲ್ಲಿ ಶುಕ್ರವಾರ ಕಳೆದವರಿಗೆ ಈ ಚಿತ್ರ ಬಿಡಿಸಿ ಹೇಳಬೇಕಾಗಿಲ್ಲ. 1873ರಲ್ಲಿ ರೈಲು ವೊಡೊಂಗಾ ತನಕ ಬಂತು. ಒಂದು ಊರಿನವರು ಇನ್ನೊಂದು ಊರಿಗೆ ಹೋಗಿ ಆಡಿ ಬರುವುದು ಸುಲಭವಾಯಿತು.

1893 ಲೀಗ್ ಕಟ್ಟುವುದಕ್ಕೆ ಒಳ್ಳೆ ವರ್ಷವೇನೂ ಆಗಿರಲಿಲ್ಲ. ಆ ವರ್ಷವೇ ಮೆಲ್ಬರ್ನ್‌ನಲ್ಲಿ ಬ್ಯಾಂಕುಗಳು ಒಂದರ ಹಿಂದೆ ಒಂದು ಬಾಗಿಲು ಹಾಕಿದವು, ಜನರ ಉಳಿತಾಯ ಸಿಕ್ಕಿಹಾಕಿಕೊಂಡಿತು. ಅದೇ ವರ್ಷ ಮರ್ರೇ ದಡದ ಕೊರೋವಾದಲ್ಲಿ ಒಂದು ಸಮ್ಮೇಳನವೂ ನಡೆಯಿತು. ಆಗ ಆಸ್ಟ್ರೇಲಿಯಾ ಅಂತ ಒಂದು ದೇಶ ಇರಲಿಲ್ಲ, ಬೇರೆ ಬೇರೆ ವಸಾಹತುಗಳಿದ್ದವು. ನದಿ ದಾಟಿಸುವ ಸರಕಿಗೆ ಸುಂಕ ಕಟ್ಟಬೇಕಿತ್ತು. ರೈಲಿನ ಹಳಿಯ ಅಗಲವೂ ಎರಡು ಕಡೆ ಬೇರೆ, ಹಾಗಾಗಿ ಆಲ್ಬರಿಯಲ್ಲಿ ಇಳಿದು ಗಾಡಿ ಬದಲಿಸಬೇಕು. ಇದೆಲ್ಲ ಸಾಕು, ಒಂದಾಗೋಣ ಅಂತ ಜನರೇ ಒತ್ತಾಯಿಸಿದ ಸಮ್ಮೇಳನ ಅದು. ದೇಶ ಒಂದಾದದ್ದು 1901ರಲ್ಲಿ. ಗಡಿಯ ಸುಂಕದ ಕಟ್ಟೆ ಇದ್ದ ಕಾಲದಲ್ಲೇ ಇಲ್ಲಿ ಲೀಗ್ ಕಟ್ಟಿದರು ಎನ್ನುವುದು ಗಮನಿಸಬೇಕಾದ ಸಂಗತಿ.

ಎರಡು ಮಹಾಯುದ್ಧಗಳ ಕಾಲದಲ್ಲಿ ಆಟ ನಿಂತಿತು, ಮುಗಿದ ಮೇಲೆ ಮತ್ತೆ ಶುರುವಾಯಿತು. ಆ ನಡುವೆ ಆಲ್ಬರಿಯಲ್ಲಿ ಹೇಡನ್ ಬಂಟನ್ ಎಂಬ ಹುಡುಗ ಬೆಳೆದ. ಮೆಲ್ಬರ್ನ್‌ನ ದೊಡ್ಡ ಲೀಗ್ ಆಗ 1930ರಲ್ಲಿ ಒಂದು ನಿಯಮ ತಂದಿತ್ತು: ಯಾವ ಆಟಗಾರನಿಗೂ ಒಂದು ಪಂದ್ಯಕ್ಕೆ 3 ಪೌಂಡ್‌ಗಿಂತ ಹೆಚ್ಚು ಕೊಡುವಂತಿಲ್ಲ. ಬಂಟನ್‌ನನ್ನು ಸೆಳೆಯಲು ಕ್ಲಬ್ ಒಂದು ಅದಕ್ಕಿಂತ ಹೆಚ್ಚಿನ ಹಣದ ಆಮಿಷ ಒಡ್ಡಿತ್ತು ಅಂತ ಆ ವರ್ಷ ಆತನಿಗೆ ಅಲ್ಲಿ ಆಡಲು ಬಿಡಲಿಲ್ಲ. ಮರುವರ್ಷ ಹೋದವನೇ ಲೀಗ್‌ನ ಅತ್ಯುತ್ತಮ ಆಟಗಾರನಿಗೆ ಕೊಡುವ ಬ್ರೌನ್‌ಲೋ ಮೆಡಲ್ ಗೆದ್ದ. 1931, 1932, 1935, ಒಟ್ಟು ಮೂರು ಸಲ.

ಆ 3 ಪೌಂಡ್ ನಿಯಮ ಹಳ್ಳಿಗಾಡಿಗೆ ಒಂದು ರೀತಿಯಲ್ಲಿ ವರವಾಯಿತು. ನಗರದ ಕ್ಲಬ್ಬಿನ ಕೈ ಕಟ್ಟಿತ್ತು, ಹಳ್ಳಿಯ ಕ್ಲಬ್ ಮಾತ್ರ ಒಬ್ಬ ಸ್ಟಾರ್ ಆಟಗಾರನನ್ನು ಕ್ಯಾಪ್ಟನ್ ಕಮ್ ಕೋಚ್ ಅಂತ ಕರೆದು ಸಂಬಳದ ಜೊತೆ ಊರಲ್ಲಿ ಒಂದು ಕೆಲಸವನ್ನೋ ಅಂಗಡಿಯನ್ನೋ ಮಾಡಿಕೊಡಬಹುದಿತ್ತು. ಯುದ್ಧದ ನಂತರ ಕಾಲಿಂಗ್‌ವುಡ್ ಕ್ಲಬ್ಬಿನ ಮ್ಯಾಕ್ ಹೋಲ್ಟನ್ ವಾಂಗರಟ್ಟಾಕ್ಕೆ ಬಂದರು. 1949ರಿಂದ 1952ರವರೆಗೆ ಸತತ ನಾಲ್ಕು ವರ್ಷ ಪಟ್ಟ ಅವರ ತಂಡದ್ದೇ. ಊರಿನವರಿಗೆ ಎಷ್ಟು ಬೇಕಾದವರಾದರೆಂದರೆ 1958ರಲ್ಲಿ ಅದೇ ಸೀಮೆಯಿಂದ ಪಾರ್ಲಿಮೆಂಟಿಗೆ ಆರಿಸಿ ಹೋದರು, ಸುಮಾರು ಎರಡು ದಶಕ ಅಲ್ಲೇ ಇದ್ದರು.

ಎದುರು ತಂಡ ಸುಮ್ಮನಿದ್ದೀತೇ? ಅದೇ ಪೇಟೆಯ ವಾಂಗರಟ್ಟಾ ರೋವರ್ಸ್ 1956ರಲ್ಲಿ ಬಾಬ್ ರೋಸ್ ಅವರನ್ನು ಕರೆತಂದಿತು. ಆಗ ಅವರಿಗೆ ಮೂವತ್ತೂ ತುಂಬಿರಲಿಲ್ಲ, ಕಾಲಿಂಗ್‌ವುಡ್‌ನ ದೊಡ್ಡ ಹೆಸರು. ನಗರದ ಆಟ ಬಿಟ್ಟು ಹಳ್ಳಿ ಪೇಟೆಗೆ ಬಂದದ್ದು ಎಲ್ಲರಿಗೂ ಆಶ್ಚರ್ಯ. 1958ರಲ್ಲಿ, 1960ರಲ್ಲಿ ರೋವರ್ಸ್‌ಗೆ ಪಟ್ಟ ಕೊಡಿಸಿದರು. ಲೀಗ್‌ನ ಅತ್ಯುತ್ತಮ ಆಟಗಾರನಿಗೆ ಸಿಗುವ ಮಾರಿಸ್ ಮೆಡಲ್ ಕೂಡ ಆ ಎರಡು ವರ್ಷ ಅವರಿಗೇ. ಹೊರಗಿನಿಂದ ದುಡ್ಡು ಕೊಟ್ಟು ಆಟಗಾರರನ್ನು ತರುವುದು ಹೊಸ ಚಾಳಿ ಅಂತ ಯಾರಾದರೂ ಗೊಣಗಿದರೆ ಈ ಲೆಕ್ಕ ತೋರಿಸಬಹುದು. ಆದರೆ ಒಂದು ವ್ಯತ್ಯಾಸ ಇದೆ. ಆಗ ಬಂದವರು ಊರಲ್ಲೇ ಮನೆ ಮಾಡಿದರು, ಅಲ್ಲೇ ವ್ಯಾಪಾರ ಮಾಡಿದರು, ಊರ ಹುಡುಗರಿಗೆ ಆಟ ಕಲಿಸಿದರು. ಶನಿವಾರ ಬೆಳಿಗ್ಗೆ ಬಂದು ಸಂಜೆ ವಾಪಸ್ ಹೋಗುವವರಾಗಿರಲಿಲ್ಲ.

ಅದೇ ಕಾಲದಲ್ಲಿ ಈ ಸೀಮೆಗೆ ಬೇರೆ ತರದ ಹೊಸಬರೂ ಬಂದರು. ವೊಡೊಂಗಾ ಪಕ್ಕದ ಬೊನೆಗಿಲ್ಲಾದಲ್ಲಿ ವಲಸಿಗರ ಶಿಬಿರ ಇತ್ತು. 1947ರಿಂದ 1971ರ ನಡುವೆ ಯುರೋಪಿನ ನಾನಾ ದೇಶಗಳಿಂದ ಬಂದ 3 ಲಕ್ಷಕ್ಕೂ ಹೆಚ್ಚು ಜನ ಅಲ್ಲಿ ಹಾದುಹೋದರು. ತಗಡಿನ ಬ್ಯಾರಕ್‌ಗಳಲ್ಲಿ ಇದ್ದು, ಸರಕಾರ ತೋರಿಸಿದ ಕಡೆ ಕೆಲಸಕ್ಕೆ ಹೋಗಬೇಕಿತ್ತು. ಮರ್ಟಲ್‌ಫರ್ಡ್ ಕಡೆ ಇಟಲಿಯವರು ಹೊಗೆಸೊಪ್ಪು ಬೆಳೆದರು, ತಮ್ಮದೇ ಸವೋಯ್ ಎಂಬ ಸಾಕರ್ ತಂಡವನ್ನೂ ಕಟ್ಟಿಕೊಂಡರು. ಪರದೇಶಕ್ಕೆ ಹೋದ ಯಾರೂ ಮೊದಲು ಮಾಡುವುದು ಅದನ್ನೇ: ತಮ್ಮ ಆಟ, ತಮ್ಮ ಜನ, ತಮ್ಮ ಅಡುಗೆ.

ಇಷ್ಟು ಹೊತ್ತು ಬಂದದ್ದೆಲ್ಲ ಗಂಡಸರ ಹೆಸರು. ಹೆಂಗಸರು ಎಲ್ಲಿದ್ದರು ಅಂದರೆ ಕ್ಯಾಂಟೀನ್‌ನಲ್ಲಿ. ಚಹಾ, ಸ್ಯಾಂಡ್‌ವಿಚ್ ಮಾಡುವುದು, ಕೆಸರಾದ ಜೆರ್ಸಿ ಒಗೆಯುವುದು, ಸಂಜೆಯ ಕೂಟಕ್ಕೆ ಕೇಕ್ ತರುವುದು. ಆ ದುಡಿಮೆಯ ಬೆಲೆ ಯಾವ ಲೆಕ್ಕಪತ್ರದಲ್ಲೂ ಬಂದಿಲ್ಲ. ಸಂಬಳ ಕೊಟ್ಟು ಮಾಡಿಸಿದ್ದರೆ ಅರ್ಧ ಕ್ಲಬ್‌ಗಳು ಒಂದೇ ಸೀಸನ್‌ಗೆ ಮುಳುಗುತ್ತಿದ್ದವು. ಅವರ ನೆಟ್‌ಬಾಲ್ ಬೇರೆ ಸಂಘದ ಕೆಳಗೆ, ಬೇರೆ ಜಾಗದಲ್ಲಿ ನಡೆಯುತ್ತಿತ್ತು. ಕಳೆದ ಶತಮಾನದ ಕೊನೆಯ ದಶಕಗಳಲ್ಲಿ ವಿಕ್ಟೋರಿಯಾದ ಹಳ್ಳಿ ಲೀಗ್‌ಗಳು ಒಂದೊಂದಾಗಿ ನೆಟ್‌ಬಾಲನ್ನು ತಮ್ಮ ವೇಳಾಪಟ್ಟಿಯೊಳಗೇ ತಂದವು. ಅದೇ ಶನಿವಾರ, ಅದೇ ಎದುರಾಳಿ ಊರು, ಅದೇ ಬಣ್ಣದ ಜೆರ್ಸಿ. ಓವಲ್ ಮೈದಾನದ ಪಕ್ಕದಲ್ಲೇ ನೆಟ್‌ಬಾಲ್ ಕೋರ್ಟ್. ನಂತರ ಲೀಗ್‌ಗಳ ಹೆಸರಿಗೂ ‘ನೆಟ್‌ಬಾಲ್’ ಸೇರಿತು. ಓವನ್ಸ್-ಮರ್ರೇಯಲ್ಲಿ ಎ ಗ್ರೇಡ್‌ನ ಅತ್ಯುತ್ತಮ ನೆಟ್‌ಬಾಲ್ ಆಟಗಾರ್ತಿಗೆ ಟೋನಿ ವಿಲ್ಸನ್ ಮೆಡಲ್ ಇದೆ.

ಇದನ್ನು ಬರೀ ಸಮಾನತೆಯ ಮಾತಾಗಿ ನೋಡಿದರೆ ವಿಷಯದ ಅರ್ಧ ಮಾತ್ರ ಸಿಗ್ತದೆ. ಇದು ಕ್ಲಬ್‌ನ ಜೀವದ ಪ್ರಶ್ನೆಯೂ ಆಗಿತ್ತು. ಒಂದು ಮನೆ ಲೆಕ್ಕ ಹಾಕಿ ನೋಡಿ. ಅಪ್ಪ ಹಿಂದೆ ಆಡಿದವನು, ಈಗ ಗೇಟ್‌ನಲ್ಲಿ ಟಿಕೆಟ್ ಕೊಡುತ್ತಾನೆ. ಮಗ 18ರೊಳಗಿನ ತಂಡದಲ್ಲಿ. ಅಮ್ಮ ಸಿ ಗ್ರೇಡ್ ನೆಟ್‌ಬಾಲ್, ಮಗಳು 17ರೊಳಗಿನ ನೆಟ್‌ಬಾಲ್. ಫುಟ್ಬಾಲ್ ಮಾತ್ರ ಇದ್ದಾಗ ಈ ಮನೆಯಿಂದ ಮೈದಾನಕ್ಕೆ ಬರುತ್ತಿದ್ದವರು ಇಬ್ಬರು. ಈಗ ನಾಲ್ಕೂ ಜನ, ಅದೂ ಬೆಳಿಗ್ಗೆಯಿಂದ ಸಂಜೆವರೆಗೆ. ಸದಸ್ಯತ್ವದ ಹಣ, ಗೇಟಿನ ಹಣ, ಕ್ಯಾಂಟೀನ್ ವ್ಯಾಪಾರ, ಬಾರ್, ರ‍್ಯಾಫಲ್ ಎಲ್ಲವೂ ಆ ನಾಲ್ವರ ಮೇಲೆ ನಿಂತಿದೆ. ಮಗನಿಗೆ ಗಾಯವಾಗಿ ಒಂದು ವರ್ಷ ಆಡದಿದ್ದರೂ ಮನೆ ಕ್ಲಬ್ ಬಿಡುವುದಿಲ್ಲ, ಮಗಳ ಪಂದ್ಯ ಇದ್ದೇ ಇರ್ತದೆ. ಲೆಕ್ಕದ ಭಾಷೆಯಲ್ಲಿ ಹೇಳುವುದಾದರೆ ಒಂದೇ ಗಿರಾಕಿಯ ಮೇಲೆ ನಿಂತಿದ್ದ ವ್ಯಾಪಾರಕ್ಕೆ ಎರಡನೇ ಗಿರಾಕಿ ಸಿಕ್ಕಂತೆ.

ಸೌಕರ್ಯ ಮಾತ್ರ ಅಷ್ಟು ಬೇಗ ಬರಲಿಲ್ಲ. ಗಂಡಸರಿಗೆ ಬಿಸಿನೀರಿನ ಡ್ರೆಸ್ಸಿಂಗ್ ರೂಮ್ ಇದ್ದ ಎಷ್ಟೋ ಮೈದಾನಗಳಲ್ಲಿ ನೆಟ್‌ಬಾಲ್ ಹುಡುಗಿಯರು ಕಾರಿನಲ್ಲೋ ಸಾರ್ವಜನಿಕ ಶೌಚಾಲಯದಲ್ಲೋ ಬಟ್ಟೆ ಬದಲಿಸಬೇಕಿತ್ತು. ವಿಕ್ಟೋರಿಯಾದ ಶಾಸನಸಭೆಯ ಸಮಿತಿಯೊಂದು 2004ರಲ್ಲಿ ಹಳ್ಳಿ ಫುಟ್ಬಾಲ್‌ನ ಸ್ಥಿತಿಗತಿಯ ವಿಚಾರಣೆಯನ್ನೇ ನಡೆಸಿತು. ಈಗ ಕಂಟ್ರಿ ಫುಟ್ಬಾಲ್ ಆ್ಯಂಡ್ ನೆಟ್‌ಬಾಲ್ ಪ್ರೋಗ್ರಾಂ ಅಂತ ಸರಕಾರದ್ದೇ ಅನುದಾನ ಇದೆ. ನೆಟ್‌ಬಾಲ್ ಕೋರ್ಟ್, ದೀಪ, ಬಟ್ಟೆ ಬದಲಿಸುವ ಕೋಣೆಗಳಿಗೆ ಅದರಿಂದ ಹಣ ಬರ್ತದೆ.

ಇಷ್ಟಾದರೂ ಹಳ್ಳಿಗಾಡಿನ ದೊಡ್ಡ ಕಷ್ಟ ಜನಸಂಖ್ಯೆಯದ್ದು. ಹತ್ತು ಜನ ಮಾಡುತ್ತಿದ್ದ ಹೊಲದ ಕೆಲಸಕ್ಕೆ ಯಂತ್ರ ಬಂತು, ಹುಡುಗರು ಓದಲು ನಗರಕ್ಕೆ ಹೋದರು. ಚಿನ್ನದ ಕಾಲದಲ್ಲಿ ಬಲವಾಗಿದ್ದ ರುದರ್‌ಗ್ಲೆನ್ ಒಂಟಿಯಾಗಿ ತಂಡ ನಡೆಸುವುದು ಕಷ್ಟವಾಯಿತು. 1979ರಲ್ಲಿ ವಿಕ್ಟೋರಿಯಾದ ರುದರ್‌ಗ್ಲೆನ್, ನ್ಯೂ ಸೌತ್ ವೇಲ್ಸ್‌ನ ಕೊರೋವಾ ಸೇರಿ ಕೊರೋವಾ-ರುದರ್‌ಗ್ಲೆನ್ ಎಂಬ ಒಂದೇ ಕ್ಲಬ್ ಆಯಿತು. ತಲೆಮಾರುಗಳಿಂದ ಎದುರಾಳಿಯಾಗಿದ್ದವರು ಒಂದೇ ಜೆರ್ಸಿ ಹಾಕುವುದು ಸುಲಭದ ಮಾತಲ್ಲ. ಎರಡು ಊರಿನ ಯುವಕ ಮಂಡಲಗಳನ್ನು ಒಂದು ಮಾಡಲು ಹೋದವರಿಗೆ ಗೊತ್ತು. ಈ ಕ್ಲಬ್‌ನಿಂದಲೇ ಜಾನ್ ಲಾಂಗ್‌ಮೈರ್ ಬಂದದ್ದು, 2012ರಲ್ಲಿ ಸಿಡ್ನಿ ಸ್ವಾನ್ಸ್ ತಂಡ ರಾಷ್ಟ್ರೀಯ ಪಟ್ಟ ಗೆದ್ದಾಗ ಕೋಚ್ ಆಗಿದ್ದವರು.

2020ರಲ್ಲಿ ಕೊರೊನಾ ಬಂದಾಗ ನದಿ ಮತ್ತೆ ಗಡಿಯಾಯಿತು. ಜುಲೈ ತಿಂಗಳಲ್ಲಿ ಎರಡು ರಾಜ್ಯಗಳ ನಡುವೆ ದಾರಿ ಮುಚ್ಚಿದರು, ಆಲ್ಬರಿ-ವೊಡೊಂಗಾ ಸೇತುವೆಯ ಮೇಲೆ ಪೊಲೀಸ್ ತಪಾಸಣೆ. ಎರಡೂ ದಡದ ತಂಡಗಳಿರುವ ಲೀಗ್ ಆಡುವುದಾದರೂ ಹೇಗೆ? ಆ ವರ್ಷ ಸೀಸನ್ನೇ ನಡೆಯಲಿಲ್ಲ.

ಅದಾದ ಮೇಲೆ ಬಂದ ಪೆಟ್ಟು ಹಣದ್ದು. ಇದನ್ನು ಹವ್ಯಾಸಿ ಲೀಗ್ ಅಂತಾರೆ, ಆದರೆ ಪೂರ್ತಿ ಹಾಗಲ್ಲ. ಆಟಗಾರರು ಮೇಷ್ಟ್ರು, ರೈತರು, ಎಲೆಕ್ಟ್ರಿಷಿಯನ್‌ಗಳು, ವಾರವಿಡೀ ದುಡಿದು ಶನಿವಾರ ಆಡುವವರು. ಅವರಲ್ಲಿ ಒಳ್ಳೆಯವರಿಗೆ ಪಂದ್ಯಕ್ಕಿಷ್ಟು ಅಂತ ಕ್ಲಬ್ ಕೊಡುತ್ತದೆ. ದೊಡ್ಡ ಹೆಸರಿನವರಿಗೆ ಹೆಚ್ಚು. ರಾಷ್ಟ್ರೀಯ ಲೀಗ್‌ನ ಬ್ರೆಂಡನ್ ಫೆವೋಲಾ 2012, 2013ರಲ್ಲಿ ಯಾರವೊಂಗಾಕ್ಕೆ ಆಡಿದಾಗ ಜನ ಕಿಕ್ಕಿರಿದು ಬಂದರು, ಎರಡೂ ವರ್ಷ ಪಟ್ಟವೂ ಬಂತು. ಅದನ್ನು ನೋಡಿ ಎಲ್ಲರೂ ಓಟಕ್ಕೆ ಇಳಿದರೆ ಮಾತ್ರ ತೊಂದರೆ. ಒಂದು ಕ್ಲಬ್ ಹೆಚ್ಚು ಕೊಟ್ಟರೆ ಇನ್ನೊಂದೂ ಕೊಡಲೇಬೇಕು, ದುಡ್ಡು ಬರುವ ದಾರಿ ಅದೇ ಕ್ಯಾಂಟೀನ್, ಅದೇ ಬಾರ್.

ಅದಕ್ಕೇ ರಾಜ್ಯದ ಫುಟ್ಬಾಲ್ ಸಂಸ್ಥೆ ಎರಡು ಬೇಲಿ ಹಾಕಿತು. 2016ರಲ್ಲಿ ಅಂಕದ ಪದ್ಧತಿ: ಊರಲ್ಲೇ ಬೆಳೆದ ಆಟಗಾರನಿಗೆ 1 ಅಂಕ, ಮೇಲಿನ ಹಂತದಲ್ಲಿ ಆಡಿ ಬಂದವನಿಗೆ ಹೆಚ್ಚು ಅಂಕ, ತಂಡದ ಒಟ್ಟು ಅಂಕ ನಿಗದಿತ ಮಿತಿ ಮೀರಬಾರದು. ಅಂದರೆ ಹೊರಗಿನ ನಾಲ್ಕು ಸ್ಟಾರ್‌ಗಳನ್ನು ತಂದರೆ ಉಳಿದ ಜಾಗ ಊರ ಹುಡುಗರಿಗೇ ಕೊಡಬೇಕು. ಮರುವರ್ಷ ಸಂಬಳದ ಮಿತಿ ಬಂತು, ಕ್ಲಬ್ ಇಡೀ ಸೀಸನ್‌ನಲ್ಲಿ ಆಟಗಾರರಿಗೆ ಕೊಡುವ ಒಟ್ಟು ಮೊತ್ತಕ್ಕೆ ಒಂದು ಗೆರೆ. ಕೊಟ್ಟದ್ದನ್ನೆಲ್ಲ ಬರೆದಿಡಬೇಕು, ಕೇಳಿದಾಗ ತೋರಿಸಬೇಕು. ಬೇಲಿ ಹೆಸರಿಗೆ ಮಾತ್ರ ಅಂತ ಅಂದುಕೊಂಡವರಿಗೆ ಉತ್ತರ ಬೇಗ ಸಿಕ್ಕಿತು. 2022ರ ಫೈನಲ್‌ನಲ್ಲಿ ವಾಂಗರಟ್ಟಾ ತೀರಾ ಸಣ್ಣ ಅಂತರದಲ್ಲಿ ಯಾರವೊಂಗಾವನ್ನು ಸೋಲಿಸಿತ್ತು. ಸಂಬಳದ ಮಿತಿ ಮೀರಿದ್ದು ತನಿಖೆಯಲ್ಲಿ ಕಂಡುಬಂದು ಆ ಪಟ್ಟವನ್ನೇ ಹಿಂದಕ್ಕೆ ಪಡೆದರು. ಮೈದಾನದಲ್ಲಿ ಗೆದ್ದದ್ದು ಲೆಕ್ಕದ ಪುಸ್ತಕದಲ್ಲಿ ಹೋಯಿತು. ಖಜಾಂಚಿ ಹುದ್ದೆಯನ್ನು ‘ಯಾರಾದರೂ ಆಗಿ’ ಅಂತ ಕೊನೆಗೆ ಹಂಚುವ ಸಂಘಗಳವರು ಇದನ್ನು ಎರಡು ಸಲ ಓದಬೇಕು.

ಮರುವರ್ಷ ಇನ್ನೊಂದು ಸುದ್ದಿ. ಕೊರೋವಾ-ರುದರ್‌ಗ್ಲೆನ್ ಕ್ಲಬ್‌ಗೆ ಆಟಗಾರರು ಸಾಲದೆ 2023ರ ಸೀಸನ್‌ನಿಂದಲೇ ಹೊರಗೆ ನಿಲ್ಲಬೇಕಾಯಿತು. ಹತ್ತು ತಂಡಗಳ ಲೀಗ್ ಒಂಬತ್ತಕ್ಕೆ ಇಳಿಯಿತು, ಪ್ರತಿ ಸುತ್ತಿನಲ್ಲಿ ಒಂದು ತಂಡ ಸುಮ್ಮನೆ ಮನೆಯಲ್ಲಿ. ಫುಟ್ಬಾಲ್, ನೆಟ್‌ಬಾಲ್ ಒಂದೇ ವೇಳಾಪಟ್ಟಿಗೆ ಕಟ್ಟಿದ್ದರ ಇನ್ನೊಂದು ಮುಖ ಇಲ್ಲಿ ಕಾಣಿಸ್ತದೆ. ಎರಡು ಕಾಲಿನ ಮೇಲೆ ನಿಂತದ್ದು ಗಟ್ಟಿ ಹೌದು, ಆದರೆ ಒಂದು ಕಾಲು ಕುಸಿದರೆ ಇನ್ನೊಂದಕ್ಕೂ ನಡೆಯಲಾಗದು. ಗಂಡಸರ ತಂಡಕ್ಕೆ ಜನ ಸಿಗಲಿಲ್ಲ ಅಂದರೆ ಆಡಲು ತಯಾರಿದ್ದ ಹುಡುಗಿಯರ ಶನಿವಾರಕ್ಕೂ ಸಂಚಕಾರ. ಈ ಪ್ರಶ್ನೆಗೆ ಲೀಗ್‌ಗಳು ಇನ್ನೂ ಸರಿಯಾದ ಉತ್ತರ ಕಂಡುಕೊಳ್ಳಬೇಕಿದೆ.

ಎರಡು ಊರಿನ ಜನ ಕೈಕಟ್ಟಿ ಕುಳಿತುಕೊಳ್ಳಲಿಲ್ಲ. 2024ರಲ್ಲಿ ಕ್ಲಬ್ ಲೀಗ್‌ಗೆ ಮರಳಿತು. ಪಂದ್ಯ ಗೆಲ್ಲುವುದು ಆಮೇಲಿನ ಮಾತು, ಶನಿವಾರ ಮೈದಾನದ ಗೇಟ್ ತೆರೆಯುವುದೇ ಆ ವರ್ಷದ ಗೆಲುವಾಗಿತ್ತು.

ಆ ಕಡೆಗೆ ಹೊರಟಿರುವವರಿಗೆ ಒಂದೆರಡು ಉಪಯೋಗದ ಮಾತು. ಸೀಸನ್ ಏಪ್ರಿಲ್ ಹೊತ್ತಿಗೆ ಶುರುವಾಗಿ ಸೆಪ್ಟೆಂಬರ್‌ನಲ್ಲಿ ಫೈನಲ್ ಆಗ್ತದೆ, ಅಭ್ಯಾಸ ಬೇಸಿಗೆಯಲ್ಲೇ ಶುರು. ಅಲ್ಲಿ ಬೇಸಿಗೆ ಅಂದರೆ ಡಿಸೆಂಬರ್‌ನಿಂದ ಫೆಬ್ರವರಿ, ಮರೆಯಬೇಡಿ. ಚಿಕ್ಕ ಮಕ್ಕಳಿಗೆ ಫುಟ್ಬಾಲ್ ಕಲಿಸಲು ಆಸ್‌ಕಿಕ್, ನೆಟ್‌ಬಾಲ್‌ಗೆ ನೆಟ್‌ಸೆಟ್‌ಗೋ ಎಂಬ ಕಾರ್ಯಕ್ರಮಗಳಿವೆ, ಆಟ ಮೊದಲೇ ಗೊತ್ತಿರಬೇಕಾಗಿಲ್ಲ. ಊರಲ್ಲಿ ಥ್ರೋಬಾಲ್ ಆಡಿ ಅಭ್ಯಾಸ ಇರುವ ಹೆಣ್ಣುಮಕ್ಕಳಿಗೆ ಚೆಂಡು ಹಿಡಿದು ಕೂಡಲೇ ದಾಟಿಸುವ ಈ ಆಟ ಬೇಗ ಒಗ್ಗುತ್ತದೆ. ಆಡಲು ಬಾರದವರಿಗೂ ಕೆಲಸಕ್ಕೆ ಬರ ಇಲ್ಲ. ಸ್ಕೋರ್ ಬರೆಯುವವರು, ಗೇಟ್ ನೋಡುವವರು, ಲೆಕ್ಕ ಇಡುವವರು ಇಂಥ ಕ್ಲಬ್‌ಗಳಿಗೆ ಯಾವಾಗಲೂ ಕಡಿಮೆಯೇ. ಕ್ಯಾಂಟೀನ್‌ನಲ್ಲಿ ಮಾಂಸದ ಪೈ, ಆಲೂಗಡ್ಡೆ ಚಿಪ್ಸ್ ಸಿಗ್ತದೆ. ಚಟ್ನಿ ಇರುವುದಿಲ್ಲ, ಮನೆಯಿಂದಲೇ ಒಯ್ಯಬೇಕು.